ಅಕ್ಕೋರ ಕೈಯ ಇಂಪ್ಯಾಕ್ಟ್ ಡ್ರೈವರ್

ಇತ್ತೀಚೆಗೆ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿದೆ. ಯಾರ ಮನೆಗೆ ಹೋದರೂ ಮನೆಯವರ ಮುಖಕ್ಕಿಂತ ಮೊದಲು ಅವರ ಬಾಗಿಲಿನ ಬಿಜಾಗರಿ ನೋಡುತ್ತೇನೆ. ಅದರಲ್ಲೊಂದು ಸ್ಕ್ರೂ ಸಡಿಲಾಗಿ ಬಾಗಿಲು ಜೋತುಬಿದ್ದಿದ್ದರೆ ಅವರು ಕೊಟ್ಟ ಚಹಾ ರುಚಿಸುವುದಿಲ್ಲ. ಮೊನ್ನೆ ರೋಣದಲ್ಲೇ ಒಂದು ಮನೆಗೆ ಕನ್ಯೆ ನೋಡಲು ಹೊರಟವರು ಹಿರಿಯಳೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬರುವಾಗ ದಾರಿಯಲ್ಲಿ, "ಹ್ಯಾಂಗ ಅನಸ್ತರಿ ಅಕ್ಕೋರ?" ಎಂದು ಕೇಳಿದರು. ನಾನು ಏನೋ ಯೋಚನೆಯಲ್ಲಿದ್ದವಳು, "ಎಲ್ಲಾ ಚಲೋ ಐತಿ, ಮ್ಯಾಲಿನ ಬಿಜಾಗರಿ ಒಂದ ಸಡ್ಲ ಐತಿ" ಎಂದುಬಿಟ್ಟೆ. ಹುಡುಗನ ತಾಯಿ ಗಾಬರಿಯಾಗಿ ನನ್ನ ಮುಖ ನೋಡಿದರು. ಆ ಸಂಬಂಧ ಕೂಡಿತು, ದೇವರ ದಯೆ. ಇಲ್ಲದಿದ್ದರೆ ಆ ಪಾಪ ನನ್ನ ತಲೆಗೆ ಬರುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿರುವಾಗ, ಸಂಧಿ ಸಮಾಸಗಳ ಜೊತೆಗೆ ನನ್ನ ಕೈಗೆ ಬಂದು ಸೇರಿದ್ದು ತಂತಿಯಿಲ್ಲದ, ಬ್ಯಾಟರಿಯ ಮೇಲೆ ಓಡುವ ಒಂದು ಇಂಪ್ಯಾಕ್ಟ್ ಡ್ರೈವರ್. ನೋಡಲು ಕುಳ್ಳ, ಕೈಗೆ ತೂಕ. ಸ್ಕ್ರೂ ತಿರುಗಿಸುವುದೇ ಇದರ ಉದ್ಯೋಗ. ತಿರುಗುತ್ತ ತಿರುಗುತ್ತ ಸ್ಕ್ರೂ ಹಟ ಹಿಡಿಯಿತೆನ್ನಿ, ಆಗ ಒಳಗಿರುವ ಪುಟ್ಟ ಸುತ್ತಿಗೆಯೊಂದು ತಿರುಗುವ ದಿಕ್ಕಿನಲ್ಲೇ ಟಕಟಕಟಕ ಬಡಿಯತೊಡಗುತ್ತದೆ. ಎಂಥ ಹಟಮಾರಿ ಸ್ಕ್ರೂ ಆದರೂ ಒಳಗೆ ಹೋಗಲೇಬೇಕು. ಮೂವತ್ತು ವರ್ಷ ಒಂಬತ್ತನೆಯ ತರಗತಿಯ ಎದುರು ನಿಂತವಳಿಗೆ ಇಂಥ ಒಂದು ಯಂತ್ರ ಯಾವಾಗಲೋ ಸಿಗಬೇಕಿತ್ತು.

ಅದು ಸಿಕ್ಕ ಕಾರಣ ಮಾತ್ರ ನಗುವಂಥದ್ದಲ್ಲ.

ನಾನು ಕಲಿಸುವ ಸಾಲಿ ಇರುವುದು ರೋಣದಿಂದ ಹೊಳೆಆಲೂರಿನ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಒಂದು ವರ್ಷ ಮಲಪ್ರಭೆ ಉಕ್ಕಿ ಸಾಲಿಯ ಹಿತ್ತಲಿಗೂ ಬಂದು ಹೋದಳು. ಹುಡುಗಿಯರ ಶೌಚಾಲಯದ ಮೂರೂ ಬಾಗಿಲು ನೀರು ಕುಡಿದು ಕೊಳೆತವು. ಆಮೇಲೆ ಹೊಸ ಹಲಗೆಯ ಬಾಗಿಲು ಬಂದವು, ಆದರೆ ಚಿಲಕ ಬರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಚಿಲಕ ಹಾಕಿಸಿ ಎಂದು ಕಚೇರಿಗೆ ಅರ್ಜಿ ಬರೆಯುವ ಕೆಲಸ ಕನ್ನಡದವಳೆಂದು ನನಗೇ ಬಿತ್ತು. ಎಂಥ ಅರ್ಜಿಗಳವು! ಒಂದರಲ್ಲೂ ಅಲ್ಪವಿರಾಮ ತಪ್ಪಿರಲಿಲ್ಲ. "ಪರಿಶೀಲಿಸಲಾಗುವುದು" ಎಂಬ ಉತ್ತರವೂ ಅಷ್ಟೇ ಶುದ್ಧವಾಗಿ ಬರುತ್ತಿತ್ತು. ಬಡಿಗೇರರನ್ನು ಕೇಳಿದರೆ, "ಮೂರ ಚಿಲಕದ ಸಲುವಾಗಿ ಅಷ್ಟ ದೂರ ಯಾರ ಬರ್ತಾರ್ರಿ?" ಅನ್ನುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ರೇಣುಕಾ ಪಾಠ ಓದುತ್ತ ಓದುತ್ತ ಕುಸಿದು ಬಿದ್ದಳು. ದವಾಖಾನೆಗೆ ಕರೆದೊಯ್ದೆವು. ನರ್ಸ್ ಅವಳ ಒಣಗಿದ ತುಟಿ ನೋಡಿ, "ಮುಂಜಾನಿಂದ ನೀರ ಕುಡದಿಲ್ಲೇನವಾ?" ಎಂದರು. ಹುಡುಗಿ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: "ಕುಡದ್ರ ಹೋಗಬೇಕಾಗ್ತೈತ್ರಿ."

ಬಾಗಿಲು ಹಿಡಿಯುವ ಗೆಳತಿ ಅಂದು ಸಾಲಿಗೆ ಬಂದಿರಲಿಲ್ಲವಂತೆ. ನಾನು ಆ ಹುಡುಗಿಯ ಕಾಲ ಬಳಿ ಕುಳಿತು, ನಾನು ಬರೆದ ಅರ್ಜಿಗಳ ಒಂದೊಂದು ಸುಂದರ ವಾಕ್ಯವನ್ನೂ ನೆನೆದು ನಾಚಿದೆ.

ಅದೇ ರವಿವಾರ ಗಜೇಂದ್ರಗಡಕ್ಕೆ ನನ್ನ ಅಕ್ಕನ ಮನೆಗೆ ಹೋಗಿದ್ದೆ. ಅವರದು ಕೈಮಗ್ಗದ ಮನೆ, ಸೀರೆ ನೇಯುತ್ತಾರೆ. ಮಗ್ಗದ ಚೌಕಟ್ಟು ಅಲ್ಲಾಡುತ್ತಿದೆಯೆಂದು ಬಡಿಗೇರ ಮೌನೇಶಪ್ಪನನ್ನು ಕರೆಸಿದ್ದರು. ಹೆಸರಷ್ಟೇ ಮೌನ, ಬಾಯಿಗೆ ಬಿಡುವಿಲ್ಲದ ಮನುಷ್ಯ. ಅವನು ಚೀಲದಿಂದ ಈ ಯಂತ್ರ ತೆಗೆದು, ಬೆರಳುದ್ದದ ಸ್ಕ್ರೂ ಒಂದನ್ನು ಗಟ್ಟಿ ಕಟ್ಟಿಗೆಗೆ ಬೆಣ್ಣೆಗೆ ಇಳಿಸಿದಂತೆ ಇಳಿಸಿದ. "ಮೌನೇಶಪ್ಪ, ಇದನ್ನ ನಾನು ಹಿಡೀಬಹುದೇನು?" ಎಂದೆ.

"ಹಿಡೀರಿ ಅಕ್ಕೋರ. ಸೀಮೆಸುಣ್ಣಾ ಹಿಡ್ದ ಕೈ ಹಿಡೀಲಾರದ್ದು ಏನೈತ್ರಿ?"

ಮರುವಾರ ನರಗುಂದದ ಒಂದು ಅಂಗಡಿಗೆ ಹೋದೆ. ಅಂಗಡಿಯವನು ಯಂತ್ರವನ್ನು ನನ್ನ ಮುಂದಿಟ್ಟು, "ಮನಿಯವರಿಗೇನ್ರಿ?" ಎಂದ. "ನನಗ" ಎಂದೆ. ಅವನು ಒಮ್ಮೆ ಯಂತ್ರ, ಒಮ್ಮೆ ನನ್ನ ಇಳಕಲ್ ಸೀರೆ ನೋಡಿ, ಬಿಲ್ಲು ಬರೆದ. ಮನೆಯಲ್ಲಿ ನನ್ನವರು, "ಮದಿವ್ಯಾದಾಗಿಂದ ಬಂಗಾರ ಕೇಳಿಲ್ಲ ಅಂತ ಹೆಮ್ಮೆ ಪಡ್ತಿದ್ದೆ. ಈಗ ನೋಡಿದ್ರ ಬ್ಯಾಟರಿ ತಂದೀ" ಎಂದರು. ಗೋಡೆಗೆ ಮೊಳೆ ಹೊಡೆಯಹೋಗಿ ಹೆಬ್ಬೆರಳು ಹೊಡೆದುಕೊಳ್ಳುವ ಮನುಷ್ಯನ ಮಾತಿಗೆ ನಾನು ಬೆಲೆ ಕೊಡಲಿಲ್ಲ.

ಕನ್ನಡದವಳಾದ್ದರಿಂದ ಮೊದಲು ಇದಕ್ಕೊಂದು ಕನ್ನಡದ ಹೆಸರು ಹುಡುಕಿದೆ. ಸ್ಕ್ರೂಗೆ ತಿರುಪು ಮೊಳೆ ಎಂಬ ಮಾತಿದೆ, ಅದನ್ನು ತಿರುಗಿಸುವ ಉಳಿಗೆ ತಿರುಪುಳಿ. ಚೆಂದದ ಶಬ್ದ, ಯಾರೂ ಬಳಸುವುದಿಲ್ಲ. ನಿಘಂಟಿನಲ್ಲಿ ತಿರುಪು ಇರುವ ಹತ್ತಿರವೇ ತಿರುಪೆ ಇದೆ. ತಿರುಪು ಎಂದರೆ ತಿರುಗಿಸು, ತಿರುಪೆ ಎಂದರೆ ತಿರುಗಾಡಿ ಬೇಡುವುದು. ಎರಡೂ ಒಂದೇ ಬೇರಿನವು ಎಂದು ನನ್ನ ಊಹೆ. ಪಂಡಿತರು ಒಪ್ಪದಿದ್ದರೆ ನನ್ನ ಕೈಯಲ್ಲೀಗ ಯಂತ್ರವಿದೆ ಎಂಬುದನ್ನು ಅವರು ಮರೆಯಬಾರದು. ಇಷ್ಟು ವರ್ಷ ಚಿಲಕಕ್ಕಾಗಿ ನಾನು ಮಾಡಿದ್ದು ತಿರುಪೆ. ಇನ್ನು ತಿರುಪು ಎಂದು ನಿರ್ಧರಿಸಿದೆ.

ನಿರ್ಧಾರವೇನೋ ಆಯಿತು. ಆದರೆ ಮೊದಲ ದಿನವೇ ಯಂತ್ರ ನನ್ನನ್ನು ತಿರುಪಿತು. ಅಡುಗೆಮನೆಯ ಬಾಗಿಲಿಗೆ ಒಂದು ಕೊಂಡಿ ಹಾಕಿ ನನ್ನವರಿಗೆ ತೋರಿಸಬೇಕೆಂಬ ಹುಮ್ಮಸ್ಸು. ಬ್ಯಾಟರಿ ತೆಗೆಯದೆ, ಮುಂದಿನ ಬಿಟ್, ಅಂದರೆ ಸ್ಕ್ರೂವಿನ ತಲೆಗೆ ಕೂರುವ ಉಕ್ಕಿನ ಮೊನೆ, ಬದಲಿಸಲು ಯಂತ್ರವನ್ನು ಎದೆಗೆ ಆನಿಸಿಕೊಂಡೆ. ಬೆರಳು ಗುಂಡಿಯ ಮೇಲೆ ಬಿತ್ತು. ಕಣ್ಣು ಮಿಟುಕಿಸುವುದರೊಳಗೆ ತಿರುಗುವ ಮೊನೆಗೆ ಸೆರಗು ಸುತ್ತಿಕೊಂಡಿತು, ಸುತ್ತಿಕೊಂಡು ನನ್ನ ಕುತ್ತಿಗೆಯನ್ನು ತನ್ನತ್ತ ಎಳೆಯಿತು. ಹೆದರಿ ಬೆರಳು ಬಿಟ್ಟೆನೋ, ಬೆರಳೇ ಜಾರಿತೋ, ಅಂತೂ ಯಂತ್ರ ನಿಂತಿತು. ಗದ್ದ ಯಂತ್ರಕ್ಕೆ ತಾಗಿಸಿಕೊಂಡು, ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ನಿಂತಿದ್ದೆ. ನನ್ನವರು ನಗಲಿಲ್ಲ. ಕತ್ತರಿ ತಂದು ಸೆರಗು ಕತ್ತರಿಸಿ, "ಇದನ್ನ ವಾಪಸ್ ಕೊಟ್ಟ ಬಾ" ಎಂದರು. ನಾನು ಕೊಡಲಿಲ್ಲ, ಗಜೇಂದ್ರಗಡದ ಬಸ್ಸು ಹತ್ತಿದೆ.

ಕತ್ತರಿಸಿದ ಸೆರಗು ನೋಡಿ ಮೌನೇಶಪ್ಪ ಮೊದಲ ಬಾರಿಗೆ ತನ್ನ ಹೆಸರಿಗೆ ತಕ್ಕಂತೆ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬೈದ. ಸೆರಗು ಸೊಂಟಕ್ಕೆ ಬಿಗಿದೇ ಯಂತ್ರ ಮುಟ್ಟಬೇಕು, ಕೈಬಳೆ ಒಳಗೆ ಬಿಚ್ಚಿಡಬೇಕು, ಜಡೆ ತುರುಬು ಕಟ್ಟಬೇಕು. ಬಿಟ್ ಬದಲಿಸುವ ಮೊದಲು ಬ್ಯಾಟರಿ ಕಳಚಿ ಪಕ್ಕಕ್ಕಿಡಬೇಕು. ಕೆಳಗಿಡುವಾಗ ದಿಕ್ಕು ಬದಲಿಸುವ ಗುಂಡಿಯನ್ನು ನಡುವೆ ನಿಲ್ಲಿಸಿದರೆ ಒತ್ತಿದರೂ ತಿರುಗುವುದಿಲ್ಲ. ಕಣ್ಣಿಗೆ ಕನ್ನಡಕ ಬೇಕೇ ಬೇಕು. "ಓದೂ ಚಾಳೀಸ ಅಲ್ರಿ, ಬಾಜೂಕೂ ಮುಚ್ಚೂವಂಥಾದ್ದು" ಎಂದ. ಸದ್ದು ತಡೆಯಲು ಕಿವಿಗೆ ಬೆಣೆ. ಬಡಿಯುವ ಯಂತ್ರಕ್ಕೆ ತಾಳುವಂಥ ಗಟ್ಟಿ ಬಿಟ್. ಸಾದಾ ಬಿಟ್ ಮುರಿದು ಸಿಡಿಯುತ್ತದೆ. ಕೊನೆಗೆ ನನ್ನ ಕೈ ಹಿಡಿತ ನೋಡಿ ಒಂದು ಮಾತು ಹೇಳಿದ: "ಜೋರು ಮಷೀನಿಗೇ ಐತ್ರಿ ಅಕ್ಕೋರ. ನೀವ್ಯಾಕ ಜೋರ್ ಮಾಡ್ತೀರಿ? ನೀವು ಬರೇ ನೆಟ್ಟಗ ಹಿಡೀರಿ." ಮೂವತ್ತು ವರ್ಷದ ಹಿಂದೆ ಬಿ.ಎಡ್. ಓದುವಾಗ ಈ ಮಾತು ಯಾರಾದರೂ ಹೇಳಿದ್ದರೆ ಎಷ್ಟೋ ಮಕ್ಕಳು ನನ್ನ ಜೋರಿನಿಂದ ಉಳಿದುಕೊಳ್ಳುತ್ತಿದ್ದರು.

ಎರಡು ರವಿವಾರ ಅವನ ಬಳಿ ಹಳೆಯ ಹಲಗೆಗಳ ಮೇಲೆ ಕಲಿತೆ. ಮೂರನೆಯ ಶನಿವಾರ, ಬೆಳಗಿನ ಸಾಲಿ ಮುಗಿಯುವ ಹೊತ್ತಿಗೆ, ಮೂರು ಚಿಲಕ ಹಿಡಿದು ಶೌಚಾಲಯದ ಮುಂದೆ ನಿಂತೆ. ಹೆಡ್‌ಮಾಸ್ಟರು ಓಡಿ ಬಂದರು. "ಅಕ್ಕೋರ, ಅರ್ಜಿ ಹೋಗೈತಲ್ರಿ. ಮಂಜೂರಾಗೂತನಕ ತಡೀರಿ. ನಾಳೆ ಯಾರಾರ ಕೇಳಿದ್ರ?"

"ಕೇಳಾಕ ಬರ್ಲಿ ಸರ್. ಬಂದವರು ಒಳಗ ಹೋಗಿ, ಚಿಲಕಾ ಹಾಕ್ಕೊಂಡ ಯೋಚನೀ ಮಾಡ್ಲಿ."

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ, ಆದರೆ ಹಿಂದಕ್ಕೆ ಸರಿದರು. ಮನೆಗೆ ಹೋಗಬೇಕಾದ ಹುಡುಗಿಯರು ಯಾರೂ ಹೋಗಿರಲಿಲ್ಲ. ದೂರದಲ್ಲಿ ಗೆರೆ ಎಳೆದು, ಅದನ್ನು ಯಾರೂ ದಾಟಬಾರದೆಂದೆ. ನಲವತ್ತು ಜೊತೆ ಕಣ್ಣುಗಳ ಎದುರು ಯಂತ್ರ ಹಿಡಿದಾಗ ಮೌನೇಶಪ್ಪ ಹೇಳಿದ್ದೆಲ್ಲ ಮರೆತು ಗುಂಡಿಯನ್ನು ಪೂರ್ತಿ ಅದುಮಿದೆ. ಟಕ್ಕೆಂದು ಸ್ಕ್ರೂವಿನ ತಲೆ ಹಾರಿತು. ಹಾರಿ ನನ್ನ ಕನ್ನಡಕಕ್ಕೆ ಬಡಿದು ಕೆಳಗೆ ಬಿತ್ತು. ಮುಂಡ ಕಟ್ಟಿಗೆಯೊಳಗೇ ಉಳಿಯಿತು. ಕನ್ನಡಕದ ಮೇಲೆ ಜೋಳದ ಕಾಳಿನಷ್ಟು ಬಿಳಿ ಗಾಯ. ಹುಡುಗಿಯರಿಗೆ ಅದು ಕಾಣಲಿಲ್ಲ. ನನಗೆ ಬೇರೇನೂ ಕಾಣಲಿಲ್ಲ.

ಉಸಿರೆಳೆದುಕೊಂಡು ಚಿಲಕವನ್ನು ಎರಡು ಬೆರಳು ಮೇಲಕ್ಕೆ ಸರಿಸಿದೆ. ಈ ಸಲ ಮೊದಲು ಸಣ್ಣ ತೂತು ಕೊರೆದುಕೊಂಡು, ಎರಡೂ ಕೈಯಿಂದ ಹಿಡಿದು, ಗುಂಡಿಯನ್ನು ಮೆಲ್ಲಗೆ ಒತ್ತಿದೆ. ಸ್ಕ್ರೂ ಮಾತು ಕೇಳಿತು. ಎರಡನೆಯ ಬಾಗಿಲೂ ಆಯಿತು. ಮೂರನೆಯದಕ್ಕೆ ಬಂದಾಗ ಬ್ಯಾಟರಿ ಸತ್ತಿತು. ಹೆಚ್ಚಿನದೊಂದು ಇತ್ತು, ಆದರೆ ಅದನ್ನು ಸ್ಕೂಟರಿನ ಡಬ್ಬಿಯಲ್ಲಿ ಬಿಸಿಲಿಗೇ ಬಿಟ್ಟು ಬಂದಿದ್ದೆ. ಕೈಗೆ ಎತ್ತಿಕೊಂಡರೆ ಹೆಂಚಿನ ಮೇಲಿನ ರೊಟ್ಟಿ. ಕಾದ ಬ್ಯಾಟರಿ ಹಾಕಿದರೆ ಅದೂ ಕೆಡುತ್ತದೆ, ಅಪಾಯವೂ ಹೌದು. ಬೇವಿನ ಗಿಡದ ನೆರಳಲ್ಲಿ ಅದನ್ನಿಟ್ಟು ಪಕ್ಕದಲ್ಲಿ ಕುಳಿತೆ. ಅವಸರ ಮಾಡದೆ ಕುಳಿತಿರುವುದು ಆ ದಿನದ ಅತಿ ಕಷ್ಟದ ಕೆಲಸವಾಗಿತ್ತು. ಅರ್ಧ ಗಂಟೆ ಕಾದೆ. ಹುಡುಗಿಯರೂ ಕಾದರು.

ಮೂರನೆಯ ಚಿಲಕ ಕೂತ ಮೇಲೆ ಗೆರೆ ಅಳಿಸಿದೆ. ಯಾರೂ ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ರೇಣುಕಾ ಬಂದಳು. ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಟಪ್ಪೆಂದು ಬಿದ್ದ ಸದ್ದು ಹೊರಗಿದ್ದ ನಮಗೆಲ್ಲ ಕೇಳಿಸಿತು. ಬಾಗಿಲು ಹಿಡಿದು ನಿಲ್ಲಬೇಕಾದ ಜಾಗದಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದವಳು ಯಾರ ಮುಖವನ್ನೂ ನೋಡದೆ ನಳದ ಬಳಿ ಹೋಗಿ, ಬೊಗಸೆಯೊಡ್ಡಿ ನೀರು ಕುಡಿದಳು. ಮತ್ತೆ ಒಡ್ಡಿ ಮತ್ತೆ ಕುಡಿದಳು. ನಾನು ಬಿಟ್ ಬದಲಿಸುವವಳಂತೆ ಯಂತ್ರದ ಕಡೆ ಬಗ್ಗಿದೆ.

ಅಂದಿನಿಂದ ನನಗೆ ಸೊಕ್ಕು ಬಂದಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಊರಲ್ಲಿ ಈಗ ನನ್ನನ್ನು ಇಸ್ಕ್ರೂ ಅಕ್ಕೋರು ಅನ್ನುತ್ತಾರೆ. ಮೂವತ್ತು ವರ್ಷ ಕಲಿಸಿದ ಕನ್ನಡಕ್ಕೆ ಒಂದು ಬಿರುದೂ ಬಂದಿರಲಿಲ್ಲ. ರವಿವಾರ ಯಂತ್ರವನ್ನು ಮುಂದಿಟ್ಟುಕೊಂಡು ಬ್ಯಾಟರಿ ಕಳಚುತ್ತೇನೆ, ಒಣ ಬಟ್ಟೆಯಿಂದ ಒರೆಸುತ್ತೇನೆ, ಗಾಳಿಕಿಂಡಿಯಲ್ಲಿ ಕೂತ ಎರೆಮಣ್ಣಿನ ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯುತ್ತೇನೆ. ಅಂಚು ಸವೆದ ಬಿಟ್ಟನ್ನು ಎಸೆಯುತ್ತೇನೆ. ಬ್ಯಾಟರಿಯನ್ನು ತಂಪಾದ ಕಪಾಟಿನಲ್ಲಿ, ನನ್ನ ರೇಷ್ಮೆ ಸೀರೆಗಳ ಕೆಳಗಿನ ಖಾನೆಯಲ್ಲಿ ಇಡುತ್ತೇನೆ. "ನನಗ ಜ್ವರಾ ಬಂದಾಗ ಸೈತ ಇಷ್ಟ ಆರೈಕಿ ಮಾಡಿಲ್ಲ ನೀ" ಎನ್ನುತ್ತಾರೆ ನನ್ನವರು. ಮೊದಲು ವಾಪಸ್ ಕೊಡು ಎಂದವರೇ ಈಗ ಬಂದವರಿಗೆಲ್ಲ ಅದನ್ನು ತೆಗೆದು ತೋರಿಸುವವರು.

ಕಳೆದ ತಿಂಗಳು ರೇಣುಕಾಳ ತಾಯಿ ಯಲ್ಲವ್ವ ಸಾಲಿಗೆ ಬಂದಳು. ಅವರಿವರ ಹೊಲದಲ್ಲಿ ಕಳೆ ತೆಗೆಯುವ ಹೆಂಗಸು. ಮನೆಯಲ್ಲಿ ಹೊಸದಾಗಿ ಬಚ್ಚಲಿಗೊಂದು ಬಾಗಿಲು ಮಾಡಿಸಿದ್ದಾಳೆ, ಚಿಲಕ ಹಾಕಬೇಕಂತೆ. "ಸಂಜೀಕ ಬಂದ ಹಾಕಿಕೊಡ್ತೀನಿ ತೊಗೋ" ಎಂದೆ, ದೊಡ್ಡ ಮನಸ್ಸಿನಿಂದ.

"ನೀವು ಹಾಕಬ್ಯಾಡ್ರಿ" ಎಂದಳು ಯಲ್ಲವ್ವ. "ಹ್ಯಾಂಗ ಹಿಡ್ಯೂದು ತೋರಸ್ರಿ. ನಾನ ಹಾಕ್ತೀನಿ."

ಸಂಜೆ ಅವಳ ಮನೆಯಲ್ಲಿ ಯಂತ್ರ ಕೊಡುವಾಗ ನನ್ನ ಕೈ ಒಂದು ಕ್ಷಣ ತಡೆಯಿತು, ನಿಜ ಹೇಳುತ್ತೇನೆ. ಕೊಟ್ಟೆ. ಕನ್ನಡಕ ತೊಡಿಸಿ, ಹೇಳಬೇಕಾದ್ದನ್ನೆಲ್ಲ ಹೇಳಿ, ಅವಳ ಬಚ್ಚಲಿನ ಮುಂದೆ ಒಂದು ಹೆಜ್ಜೆ ಹಿಂದೆ ನಿಂತೆ. ಹೊಲದಲ್ಲಿ ದುಡಿದ ಆ ಮಣಿಕಟ್ಟು ಅಲುಗಲಿಲ್ಲ. ಒಂದು, ಎರಡು, ಮೂರು, ನಾಲ್ಕು ಸ್ಕ್ರೂ, ನಾಲ್ಕೂ ಸದ್ದಡಗಿ ತಮ್ಮ ಜಾಗದಲ್ಲಿ ಕೂತವು. ಒಂದರ ತಲೆಯೂ ಹಾರಲಿಲ್ಲ. ನನಗೆ ಹೆಮ್ಮೆಯಿಂದ ಎದೆ ತುಂಬಿತು. ಎದೆಯ ಒಂದು ಮೂಲೆಯಲ್ಲಿ ಸಣ್ಣಗೆ ಉರಿಯಿತು ಕೂಡ. ಕಲಿಸಿದವಳು ಏನಾದರೊಂದು ತಪ್ಪು ಹುಡುಕಲೇಬೇಕಲ್ಲ. ತಲೆ ಓರೆ ಮಾಡಿ ನೋಡಿದೆ, ಚಿಲಕವೂ ಓರೆ ಕಂಡಿತು. "ಚಲೋ ಆಗೈತಿ, ಆದ್ರ ಚೂರು ವಾರಿ ಆತ ನೋಡವಾ ಚಿಲಕ" ಎಂದೆ.

ಯಲ್ಲವ್ವ ಚಿಲಕ ನೋಡಿದಳು. ನನ್ನನ್ನು ನೋಡಿದಳು.

"ಇಲ್ರಿ ಅಕ್ಕೋರ" ಎಂದಳು ಮೆಲ್ಲಗೆ, "ನೀವ ವಾರಿ ನಿಂತೀರಿ."