ಬಿಸಿಲಿನಲ್ಲಿ ಮಾಯವಾದ ಒತ್ತಕ್ಷರ

ಗೋವಾದ ಝುವಾರಿನಗರದ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವಳು ನಾನೊಬ್ಬಳೇ. ವಾಸ್ಕೋದ ಚಿಕ್ಕ ಆಫೀಸೊಂದರಲ್ಲಿ ಹೋಟೆಲು, ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತೇನೆ. ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಕಾಣಕೋಣದ ಕಡಲತೀರದಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಫೋನ್ ಬಂತು.

"ನಾವು ಏಳೆಂಟು ಮಂದಿ ಹೆಣ್ಮಕ್ಕಳು ಕೂಡೀವಿ. ನಮಗೂ ಒಂದು ವೆಬ್‌ಸೈಟ್ ಮಾಡಿಕೊಡವಾ. ಮಂದಿಗೆ ಇಂಗ್ಲಿಷ್ ಇರ್ಲಿ, ನಮಗ ಓದಾಕ ಕನ್ನಡಾನೂ ಇರ್ಲಿ."

ಆಫೀಸಿನಲ್ಲಿ ಗಿರಾಕಿಗಳು ಹೇಳಿದ ಹಾಗೆ ಮಾಡಬೇಕು. ಇಲ್ಲಿ ಹೇಳುವವರು ಯಾರೂ ಇಲ್ಲ. ಹಾಲುಬಿಳಿ ಹಿನ್ನೆಲೆ, ಅದರ ಮೇಲೆ ತಿಳಿಬೂದು ಬಣ್ಣದ ಸಪೂರ ಅಕ್ಷರ, ಕೆಳಗೆ ಕಿತ್ತಳೆ ಬಣ್ಣದ ಬಟನ್. ದೊಡ್ಡ ಪರದೆಯ ಮೇಲೆ ನೋಡಿ ನನಗೆ ನಾನೇ ಭೇಷ್ ಅಂದುಕೊಂಡೆ.

ಭಾನುವಾರ ಬಸ್ಸು ಹತ್ತಿ ಕಾಣಕೋಣಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು ಮರಳಿನ ಮೇಲೆ ಬಿದ್ದು ಕಣ್ಣು ಕೋರೈಸುತ್ತಿತ್ತು. ಅತ್ತೆ ಪುಟ ತೆರೆದುಕೊಟ್ಟ ನನ್ನ ಫೋನನ್ನು ಆ ಕಡೆ ಈ ಕಡೆ ವಾಲಿಸಿದಳು, ಸೆರಗು ಅಡ್ಡ ಹಿಡಿದಳು. ಅವಳು ಓದಿದ್ದು ನಾಲ್ಕನೇ ಇಯತ್ತೆಯವರೆಗೆ. ಏನು ಓದಿದರೂ ಗಟ್ಟಿಯಾಗಿಯೇ ಓದುವುದು.

"ಕಲಿನ ಸರ. ಕಲಿನ ಸರ ಅಂದ್ರ ಏನವಾ? ಕಲಿಪುರುಷಂದೇನು?"

"ಕಲ್ಲಿನ ಸರ ಅತ್ತಿ. ಕೆಳಗ ಒತ್ತು ಐತಿ ನೋಡ್ರಿ."

"ಎಲ್ಲೈತಿ?"

ಫೋನ್ ಇಸಿದುಕೊಂಡು ನೋಡಿದೆ. ನನಗೂ ಕಾಣಲಿಲ್ಲ. ಗೆಜ್ಜೆ ಎಂದು ಬರೆದದ್ದು ಗೆಜೆ ಆಗಿತ್ತು. ಸಪೂರ ಬೂದು ಒತ್ತಕ್ಷರಗಳನ್ನೆಲ್ಲ ಬಿಸಿಲು ಅಳಿಸಿಹಾಕಿತ್ತು.

"ಈಗ ಇಂಥ ಡಿಸೈನೇ ನಡೀತೈತ್ರಿ," ಎಂದೆ.

"ನಡೀಲಿ. ಓದಾಕ ಬರಬೇಕಲ್ಲ?" ಎಂದವಳೇ ಬಿಳಿ ಕವಡೆಯ ಸರವೊಂದನ್ನು ಬಿಳಿ ಬಟ್ಟೆಯ ಮೇಲಿಟ್ಟಳು. ಆಮೇಲೆ ಅದನ್ನೆತ್ತಿ ಪಕ್ಕದ ಕರಿ ಬಟ್ಟೆಯ ಮೇಲಿಟ್ಟು ನನ್ನ ಮುಖ ನೋಡಿದಳು.

ನಾಚಿಕೆಯಾದದ್ದು ಯಾಕೆಂದರೆ, ನಿಯಮ ನನಗೆ ಗೊತ್ತಿತ್ತು. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕಡಿಮೆಯೆಂದರೂ ನಾಲ್ಕೂವರೆಗೆ ಒಂದು ಇರಬೇಕು. ದೊಡ್ಡ ಅಕ್ಷರಕ್ಕೆ ಮೂರಾದರೂ ಸಾಕು. ಬಿಳಿಯ ಮೇಲೆ ಅಚ್ಚ ಕಪ್ಪಾದರೆ ಇಪ್ಪತ್ತೊಂದು. ಕಣ್ಣು ಮಂಜಾದವರಿಗಾಗಿ ಮಾಡಿದ ನಿಯಮ, ನನ್ನ ಪುಟಕ್ಕೆ ಅಂಥವರು ಯಾರು ಬರುತ್ತಾರೆ ಎಂದುಕೊಂಡು ಬಿಟ್ಟಿದ್ದೆ. ಅತ್ತೆಗೆ ಐವತ್ತೆಂಟು ಎಂಬುದೇ ಮರೆತಿತ್ತು. ಬಿಸಿಲಂತೂ ಲೆಕ್ಕದಲ್ಲೇ ಇರಲಿಲ್ಲ.

ಪಕ್ಕದ ಶ್ಯಾಕಿನ, ಅಂದರೆ ಮಡಲು ಹೊದಿಸಿದ ಹೋಟೆಲಿನ, ನೆರಳಿನಲ್ಲಿ ಲ್ಯಾಪ್‌ಟಾಪ್ ತೆರೆದು ಬಣ್ಣಗಳನ್ನು ಪರೀಕ್ಷೆಗೆ ಹಾಕಿದೆ. ನನ್ನ ತಿಳಿಬೂದು ಎರಡನ್ನು ದಾಟಲು ಒದ್ದಾಡುತ್ತಿತ್ತು. ಕಿತ್ತಳೆ ಬಟನ್ ಮೇಲಿನ ಬಿಳಿ ಅಕ್ಷರವೂ ಫೇಲ್. ಆ ಕಿತ್ತಳೆಯ ಮೇಲೆ ನನಗೆ ಭಾರಿ ಪ್ರೀತಿ. ಕಿತ್ತಳೆಯನ್ನು ಒಂದಿಷ್ಟು ಕೆಂಪಿಗೆ ಎಳೆದೆ, ಒಂದಿಷ್ಟು ಕಂದು ಬಣ್ಣಕ್ಕೆ ಎಳೆದೆ, ಕೊನೆಗೆ ಸೋತು ಮೊದಲಿನ ಕಿತ್ತಳೆಯ ಮೇಲೆ ಕಪ್ಪು ಅಕ್ಷರ ಇಟ್ಟೆ. ಉಳಿದದ್ದಕ್ಕೆಲ್ಲ ಕಡುನೀಲಿ ಬಣ್ಣ, ದಪ್ಪ ಅಕ್ಷರ, ಗಾತ್ರವೂ ಒಂದು ಸುತ್ತು ದೊಡ್ಡದು. ಮೊದಲ ನೋಟಕ್ಕೆ ಒರಟೆನಿಸಿತು. ಒಂದು ಲೋಟ ಕೋಕಂನ ಸೋಲ್‌ಕಡಿ ಕುಡಿದು ಮತ್ತೆ ನೋಡಿದೆ, ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಮತ್ತೆ ಬಿಸಿಲಿಗೆ ಹೋಗಿ ಫೋನ್ ಅತ್ತೆಯ ಕೈಗಿಟ್ಟೆ. ಈ ಸಲ ಸೆರಗು ಬೇಕಾಗಲಿಲ್ಲ. "ಕಲ್ಲಿನ ಸರ, ಕವಡಿ ಸರ, ಕಾಲ್ಗೆಜ್ಜಿ" ಎಂದು ಸರಸರ ಓದಿಕೊಂಡು ಹೋದವಳು ಕೊನೆಯ ಸಾಲಿಗೆ ಬಂದು ನಿಂತಳು.

"ಬಂಡಿಗಲ್ಲಿನ ಎಡಕ್ಕ ಕೂಡ್ತೀವಿ ಅಂತ ಬರದಿ?"

"ಹೌದ್ರಿ."

"ನಾವು ಕೂಡೂದು ಬಲಕ್ಕ! ಎಡಕ್ಕ ಹೋದವ್ರು ಸೀದಾ ಖಾರಿಯೊಳಗ ಇಳೀತಾರ."

ಹೌದು, ಎಡಕ್ಕೆ ಸಮುದ್ರ ಸೇರುವ ಮೊಣಕಾಲುದ್ದ ನೀರಿನ ಖಾರಿ ಹರಿಯುತ್ತಿತ್ತು. ಹದಿನೈದು ದಿನ ಆ ಸಾಲನ್ನು ನೋಡಿದ್ದೆ, ಓದಿರಲಿಲ್ಲ. ಅಲ್ಲೇ ಮರಳಿನ ಮೇಲೆ ಕೂತು ತಿದ್ದಿದೆ. ಅತ್ತೆ ಪಕ್ಕದವಳನ್ನು ಕರೆದು, ಮೊದಲಿನಿಂದ ಮತ್ತೆ ಗಟ್ಟಿಯಾಗಿ ಓದತೊಡಗಿದಳು.