ಬಾಲದ ಹಿಂದೆ ಬರುವವಳು

ನನ್ನ ತಂಗಿಯನ್ನು ನಾನು ಮೇಕೆ ಎಂದೇ ಕರೆಯುವುದು. ನೆಟ್ಟಗಿನ ರಸ್ತೆ ಕಂಡರೆ ಆಕಳಿಸುತ್ತಾಳೆ, ಗುಡ್ಡ ಕಂಡರೆ ಅವಳ ಕಾಲು ನಿಲ್ಲುವುದಿಲ್ಲ. ವಾರದಲ್ಲಿ ಆರು ದಿನ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಕೂದಲೆಳೆಯಷ್ಟು ಸಡಿಲವಿದ್ದರೂ ಬಿಚ್ಚಿ ಮತ್ತೆ ಕೂರಿಸುವ ಜಾತಿ. ಏಳನೆಯ ದಿನ ಗುಡ್ಡದ ಕಾಲುದಾರಿಗಳಲ್ಲಿ ಓಡುತ್ತಾಳೆ. ನಾನು ಅದೇ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಕೂತಲ್ಲೇ ಹೊಟ್ಟೆ ಬೆಳೆಸಿದವಳು. ಒಂದೇ ತಾಯಿಯ ಮಕ್ಕಳು ಎಂದರೆ ಯಾರೂ ನಂಬುವುದಿಲ್ಲ.

ತಿಂಗಳಿಗೊಂದು ಭಾನುವಾರ ಇವರ ಗುಂಪಿನ ಓಟ. ಒಟ್ಟು ಹನ್ನೆರಡು ಕಿಲೋಮೀಟರ್. ನಡೆಸುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ ಇಲ್ಲದೆ ಅವರನ್ನು ನಾನು ನೋಡಿಯೇ ಇಲ್ಲ. ಶನಿವಾರವೇ ಹೋಗಿ ದಾರಿಯುದ್ದಕ್ಕೂ ಗಿಡಗಳಿಗೆ ಕೇಸರಿ ರಿಬ್ಬನ್ ಕಟ್ಟಿ ಬರುತ್ತಾರೆ. ಓಡುವವರು ರಿಬ್ಬನ್ ನೋಡಿಕೊಂಡು ಓಡಬೇಕು. ಎಲ್ಲರ ಹಿಂದೆ ಒಬ್ಬರು ನಡೆಯುತ್ತಾರೆ. ಅವರಿಗೆ ಬಾಲ ಎನ್ನುತ್ತಾರೆ. ಬಾಲ ಆದವರು ಯಾರನ್ನೂ ಹಿಂದೆ ಹಾಕುವಂತಿಲ್ಲ. ಕಾಲು ಉಳುಕಿದವರನ್ನು, ಸುಸ್ತಾದವರನ್ನು ಮುಂದೆ ಬಿಟ್ಟುಕೊಂಡು, ರಿಬ್ಬನ್ ಬಿಚ್ಚಿ ಚೀಲಕ್ಕೆ ಹಾಕುತ್ತಾ ಬರಬೇಕು. ಕೆಳಗೆ ಬಂದು ಮೇಷ್ಟ್ರಿಗೆ "ಹಿಂದೆ ಯಾರೂ ಇಲ್ಲ" ಎನ್ನಬೇಕು. ಆಗ ಮೇಷ್ಟ್ರು ಉದ್ದಕ್ಕೆ ಸೀಟಿ ಊದುತ್ತಾರೆ. ಆ ಮಾತು ಬೀಳುವವರೆಗೆ ಒಬ್ಬರೂ ಮನೆಗೆ ಹೋಗುವಂತಿಲ್ಲ.

ಮೂರು ವರ್ಷದ ಹಿಂದೆ ಒಂದು ಭಾನುವಾರ ನಮ್ಮ ಮೇಕೆ ಬಾಲವಾಗಿದ್ದಳು. ಮಂಜು ಕವಿದಿತ್ತು. ಓಡುವವರಿಗೆ ಕೊಟ್ಟ ನಂಬರು ನಲವತ್ತೇಳು, ಕೆಳಗೆ ಬಂದ ನಂಬರು ನಲವತ್ತೇಳು. ಅವಳ ಬೆನ್ನ ಹಿಂದೆ ಎರಡು ಸಲ ಏನೋ ಸದ್ದಾಗಿತ್ತಂತೆ. ಕಲ್ಲು ಜಾರಿರಬೇಕು ಎಂದುಕೊಂಡು "ಹಿಂದೆ ಯಾರೂ ಇಲ್ಲ" ಎಂದುಬಿಟ್ಟಳು. ಲೆಕ್ಕ ಸರಿಯಿತ್ತಲ್ಲ! ಮೂರನೆಯ ದಿನ ಗುಡ್ಡದ ಆಚೆ ಬದಿಯ ಕಲ್ಲುಹಳ್ಳದಲ್ಲಿ ಒಬ್ಬಳ ಹೆಣ ಸಿಕ್ಕಿತು. ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಹಿಂದಿನ ದಿನ ಬರುವುದಿಲ್ಲವೆಂದು ನಂಬರು ವಾಪಸ್ ಕೊಟ್ಟಿದ್ದಳು. ಆಮೇಲೆ ಮನಸ್ಸು ತಡೆಯದೆ, ಮೇಷ್ಟ್ರ ಕಣ್ಣಿಗೆ ಬೀಳದ ಹಾಗೆ ಎಲ್ಲರೂ ಹೊರಟು ಹೋದ ಮೇಲೆ ಒಬ್ಬಳೇ ಗುಡ್ಡ ಹತ್ತಿದ್ದಳು. ಅಂದರೆ ಬಾಲದ ಹಿಂದೆ. ಇವಳು ಮುಂದೆ ಮುಂದೆ ರಿಬ್ಬನ್ ಬಿಚ್ಚುತ್ತಾ ಹೋದ ಹಾಗೆ ಅವಳಿಗೆ ದಾರಿಯೇ ಇಲ್ಲವಾಯಿತು. ಪೊಲೀಸರು ಬಂದು ಬರೆದುಕೊಂಡು ಹೋದರು, ಯಾರದೂ ತಪ್ಪಿಲ್ಲ ಎಂದರು. ನನ್ನ ತಂಗಿ ಮತ್ತೆ ಬಾಲವಾಗಲಿಲ್ಲ. ಯಾವಾಗಲೂ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು.

ಹೋದ ವರ್ಷ ಅವಳು ಬಸುರಿಯಾದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಮೊದಲು ಮಾಡಿದ ಕೆಲಸ ಅವಳ ಶೂ ಬಚ್ಚಿಟ್ಟಿದ್ದು.

"ಅಕ್ಕಾ, ಶೂ ಕೊಡು."

"ಯಾವ ಶೂ? ನನಗೇನೇ ಗೊತ್ತು?"

"ನಿನ್ನ ಮಿಷನ್ ಕೆಳಗಿಂದ ಲೇಸು ಇಣುಕ್ತಿದೆ."

ಎರಡನೆಯ ಸಲ ಬಟ್ಟೆ ಚೂರುಗಳ ಮೂಟೆಯೊಳಗೆ ಹುದುಗಿಸಿದೆ. ಅದನ್ನೂ ಹುಡುಕಿದಳು. ಕೊನೆಗೆ ಡಾಕ್ಟರಮ್ಮ "ನಡೀಬಹುದು, ಬೀಳಬಾರದು" ಎಂದುಬಿಟ್ಟರು. ಮೇಷ್ಟ್ರು "ಓಡೋದು ಬೇಡಮ್ಮ, ಬಾಲ ಆಗು. ಗುಡ್ಡ ಬಿಟ್ಟ ಹಾಗೂ ಆಗಲ್ಲ" ಎಂದರು. ಅವಳ ಮುಖ ಸಪ್ಪಗಾಯಿತು. ಆದರೂ ಹೂಂ ಅಂದಳು. ನಾನು ಗೊಣಗುತ್ತಲೇ ಅವಳ ಪ್ಯಾಂಟುಗಳ ಸೊಂಟ ಬಿಚ್ಚಿ ಅಗಲದ ಎಲಾಸ್ಟಿಕ್ ಹಾಕಿಕೊಟ್ಟೆ.

ಐದನೆಯ ತಿಂಗಳ ಓಟದಲ್ಲಿ ಶುರುವಾಯಿತು. ಗುಡ್ಡದ ಬುಡದಲ್ಲಿ ಮುಚ್ಚಿಹೋದ ಕಲ್ಲುಗಣಿಯ ತಗಡಿನ ಶೆಡ್ಡಿದೆ, ಓಟ ಮುಗಿಯುವುದು ಅಲ್ಲಿ. ಅವಳು ಬಂದು ನಿಂತಳು, ಮಾತು ಹೊರಡಲಿಲ್ಲ. ಮೇಷ್ಟ್ರು ಮೂರು ಸಲ ಕೇಳಿದರು. ಅವಳು ದಾರಿಯ ಕಡೆ ತಿರುಗಿ ನೋಡುತ್ತಾ, "ಯಾರೋ ಇದಾರೆ ಮೇಷ್ಟ್ರೇ" ಎಂದಳು. ಇಬ್ಬರು ಮತ್ತೆ ಮೇಲಕ್ಕೆ ಓಡಿ, ಅರ್ಧ ಗಂಟೆ ಹುಡುಕಿ, ಬರಿಗೈಯಲ್ಲಿ ಬಂದರು. ಆಗ ಕಣ್ಣು ಮುಚ್ಚಿಕೊಂಡು ಆ ಮಾತು ಹೇಳಿದಳು. ಮನೆಗೆ ಬಂದು ನನ್ನ ಹತ್ತಿರ ಬಾಯಿ ಬಿಟ್ಟಳು.

"ನಾನು ನಿಂತ್ರೆ ಅದೂ ನಿಲ್ಲುತ್ತೆ ಅಕ್ಕ. ಬಾಯಲ್ಲಿ ಉಸಿರು ತಗೊಳ್ಳೋದು ಕೇಳಿಸುತ್ತೆ. ನಾನು ಈಗ ತಗೋತೀನಲ್ಲ, ಹಾಗೇ. ಶೂ ಸದ್ದಲ್ಲ. ಚಪ್ಪಲಿ ಸದ್ದು."

"ಗುಡ್ಡಕ್ಕೆ ಚಪ್ಪಲಿ ಹಾಕ್ಕೊಂಡು ಯಾರೇ ಬರ್ತಾರೆ? ಬಸುರೀಲಿ ಏನೇನೋ ಕೇಳಿಸುತ್ತೆ, ಬಾಯಿ ಮುಚ್ಕೊಂಡು ಮಲಗು."

ಹೀಗೆ ಗದರಿದೆನೇ ಹೊರತು ನನಗೂ ಒಳಗೊಳಗೆ ಭಯವಾಗಿತ್ತು. ಆಮೇಲೆ ಗಮನಿಸಿದೆ: ಅವಳು ಯಾವ ಬಾಗಿಲನ್ನೂ ತಕ್ಷಣ ಹಾಕುವುದಿಲ್ಲ. ನನ್ನ ಅಂಗಡಿಯೊಳಗೆ ಬಂದವಳು ಬಾಗಿಲು ಹಿಡಿದುಕೊಂಡು ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಬಿಡುತ್ತಾಳೆ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು, ಯಾವುದಕ್ಕೂ ಬೆಚ್ಚುವ ಆಸಾಮಿಯಲ್ಲ. ಅವನೇ ಒಂದು ಸಂಜೆ ಬಂದು ಸ್ಟೂಲಿನ ಮೇಲೆ ಕೂತ.

"ಅಕ್ಕಾ, ಲಿಫ್ಟಲ್ಲಿ ನಾವಿಬ್ರೇ ಇರ್ತೀವಿ. ಬಾಗಿಲು ಮುಚ್ಚೋಕೆ ಬಿಡಲ್ಲ, ಗುಂಡಿ ಒತ್ತಿ ಹಿಡ್ಕೋತಾಳೆ. ಯಾರಿಗೇ ಅಂದ್ರೆ 'ಒಂದ್ನಿಮಿಷ, ಬರಲಿ' ಅಂತಾಳೆ."

ನನ್ನ ಪಿತ್ತ ನೆತ್ತಿಗೇರಿತು. ನೇರ ಮೇಷ್ಟ್ರ ಮನೆಗೆ ಜಗಳಕ್ಕೆ ಹೋದೆ. ಅವರು ವರಾಂಡದಲ್ಲಿ ಕೂತು ತೊಳೆದ ರಿಬ್ಬನ್ನುಗಳನ್ನು ಸುತ್ತಿಡುತ್ತಿದ್ದರು. ನಾನು ಬಾಯಿಗೆ ಬಂದದ್ದೆಲ್ಲ ಬೈದೆ. ಚಪ್ಪಲಿಯ ಸದ್ದಿನ ವಿಷಯ ಬಂದಾಗ ಅವರ ಕೈ ನಿಂತಿತು.

"ಅದು ನಿನ್ ತಂಗಿಗೆ ಯಾರು ಹೇಳಿದ್ರು?"

"ಯಾವುದು?"

"ಆ ಔಷಧಿ ಅಂಗಡಿ ಹುಡುಗಿ ಕಾಲಲ್ಲಿ ಇದ್ದದ್ದು ಮನೇಲಿ ಹಾಕೋ ಚಪ್ಪಲಿ. ಗುರುತು ಹಿಡಿಯೋಕೆ ನಾನೇ ಹೋಗಿದ್ದೆ. ಯಾರಿಗೂ ಹೇಳಿರ್ಲಿಲ್ಲಮ್ಮ." ಮತ್ತೆ ರಿಬ್ಬನ್ ಸುತ್ತತೊಡಗಿದರು. "ನಂಬರ್ ವಾಪಸ್ ಕೊಡೋವಾಗ ನಗ್ತಾ ಹೇಳಿದ್ಲು. ಈಗ ಐದು ತಿಂಗಳ ಬಸುರಿ ಮೇಷ್ಟ್ರೇ, ಮನೇಲಿ ಶೂ ಬಚ್ಚಿಟ್ಟಿದಾರೆ ಅಂತ. ನಾನೂ ಗದರಿಸ್ದೆ, ಮನೇಲಿರು ಅಂತ. ಹೂಂ ಅಂದು ಹೋದ್ಲು."

ಜಗಳಕ್ಕೆ ಹೋದವಳು ಜಗಳ ಮರೆತು ಎದ್ದು ಬಂದೆ. ಅಂಗಡಿಗೆ ಬಂದು, ಆ ಓಟದ ಮೇಲೆ ಮೂರನೆಯ ಸಲ ಬಚ್ಚಿಟ್ಟಿದ್ದ ಶೂಗಳನ್ನು ಕಪಾಟಿನ ಮೇಲಿಂದ ಇಳಿಸಿ, ಧೂಳು ಒರೆಸಿ, ತಂಗಿಯ ಮನೆ ಬಾಗಿಲಲ್ಲಿ ಇಟ್ಟೆ. ಕದ್ದು ಹೋಗುವ ಬದಲು ಹೇಳಿ ಹೋಗಲಿ, ಪಟ್ಟಿಯಲ್ಲಿ ಹೆಸರಿರಲಿ, ಬರದಿದ್ದರೆ ನಾಲ್ಕು ಜನ ಕಾಯಲಿ ಎನ್ನಿಸಿತು. ಮೇಷ್ಟ್ರು ಹೇಳಿದ್ದನ್ನು ಮಾತ್ರ ಅವಳಿಗೆ ಹೇಳಲಿಲ್ಲ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಅದನ್ನು ಹೇಳುವಷ್ಟು ಕಲ್ಲೆದೆ ನನಗಿಲ್ಲ.

ಹೆಣ್ಣು ಮಗು ಹುಟ್ಟಿತು. ಮೇಕೆಗೆ ಹುಟ್ಟಿದ್ದು ಮರಿಯೇ ತಾನೆ, ಮರಿ ಎಂದೇ ಕರೆದೆ. ಮರಿಗೆ ನಾಲ್ಕು ತಿಂಗಳು ತುಂಬುತ್ತಲೂ ತಾಯಿ ಗುಡ್ಡಕ್ಕೆ ವಾಪಸ್. ಈಗ ಓಡಬಹುದಿತ್ತು, ಮೇಷ್ಟ್ರೂ ಓಡು ಎಂದರು. ಅವಳು ಬಾಲವೇ ಆಗುತ್ತೇನೆಂದು ಹಟ ಹಿಡಿದಳು.

"ಬೇರೆಯವರಿಗೆ ಕೇಳಿಸಲ್ಲ ಅಕ್ಕ. ಕೇಳಿಸದೇ ಇರೋರು ಹಿಂದೆ ಯಾರೂ ಇಲ್ಲ ಅಂದ್ಬಿಡ್ತಾರೆ. ನಾನು ಅಂದೆನಲ್ಲ, ಹಾಗೆ."

ಅರ್ಧ ದಾರಿಯಲ್ಲಿ ನೀರು ಕೊಡುವ ಜಾಗದವರೆಗೆ ಜೀಪು ಬರುತ್ತದೆ. ಮಗುವನ್ನು ಎತ್ತಿಕೊಂಡು ಅಲ್ಲಿ ಕಾಯುವುದು ನನ್ನ ಪಾಲಿಗೆ ಬಂತು. ಬೈಯುತ್ತಲೇ ಹೋದೆ, ಆದರೂ ಒಂದು ಭಾನುವಾರವೂ ತಪ್ಪಿಸಲಿಲ್ಲ. ಅವಳು ಬೆವರು ಒರೆಸಿಕೊಂಡು ಬಂಡೆಯ ಮೇಲೆ ಕೂತು ಹಾಲು ಕೊಡುತ್ತಿದ್ದಳು. ಮಗು ಚೀಪುತ್ತಾ ಚೀಪುತ್ತಾ ಥಟ್ಟನೆ ಬಿಟ್ಟು, ತಾಯಿಯ ಭುಜದಾಚೆ ನೋಡುತ್ತಿತ್ತು. ಬೆದರುತ್ತಿರಲಿಲ್ಲ. ಪರಿಚಯದವರನ್ನು ನೋಡುವ ಹಾಗೆ ಸುಮ್ಮನೆ ನೋಡುತ್ತಿತ್ತು. ನಾನು ಆ ಕಡೆ ಹೋಗಿ ನಿಂತರೆ ತಲೆ ಓರೆ ಮಾಡಿ ನನ್ನ ಪಕ್ಕಕ್ಕೆ ನೋಡುತ್ತಿತ್ತು. ಎರಡನೆಯ ಸಲ ಹಾಗೆ ನಿಲ್ಲುವ ಧೈರ್ಯ ನನಗೆ ಬರಲಿಲ್ಲ.

ಮರಿಗೆ ಏಳು ತಿಂಗಳಿರುವಾಗ ದೊಡ್ಡ ರಾದ್ಧಾಂತವಾಯಿತು. ಶೆಡ್ಡಿಗೆ ನೂರು ಹೆಜ್ಜೆ ಇರುವ ಕೊನೆಯ ತಿರುವಿನಲ್ಲಿ ನನ್ನ ತಂಗಿ ನಿಂತುಬಿಟ್ಟಳು. ಎರಡು ಗಂಟೆ! ಓಡಿ ಬಂದವರು ಹಸಿದು ಗೊಣಗಿದರು, ಮಗು ನನ್ನ ತೋಳಲ್ಲಿ ಕಿರುಚಿ ಕಿರುಚಿ ನೀಲಿಯಾಯಿತು, ಅವಳ ಅಂಗಿ ಹಾಲಿನಿಂದ ಒದ್ದೆಯಾಯಿತು. ಅವಳು ಕದಲಲಿಲ್ಲ. ಕೊನೆಗೆ ಗಂಡ ಹೋಗಿ ಕೈ ಹಿಡಿದು ಕರೆತಂದ. ಆ ಮಾತನ್ನು ಅವಳು ಹೇಳಲೇ ಇಲ್ಲ. ಜನ ಹೇಳದೆ ಕೇಳದೆ ಎದ್ದು ಹೋದರು, ಸೀಟಿ ಊದದೆ ಓಟ ಮುಗಿದದ್ದು ಅದೇ ಮೊದಲು. ಮೇಷ್ಟ್ರು ನೆಲ ನೋಡುತ್ತಾ ಹೇಳಿದರು: "ಮುಂದಿನ ತಿಂಗಳು ಇನ್ನೊಂದೇ ಸಲಮ್ಮ. ಆಗಲಿಲ್ಲ ಅಂದ್ರೆ ನಿನ್ನ ಗುಡ್ಡಕ್ಕೆ ಬಿಡಲ್ಲ. ನಿನ್ ಮಗೂಗೋಸ್ಕರ ಹೇಳ್ತಿದೀನಿ."

ಮರುದಿನ ಅಂಗಡಿಯಲ್ಲಿ ಕೂತು ಅತ್ತಳು. "ಅವರೇ ಬಿಡಿಸೋದೇನು ಬೇಡ. ಇನ್ನೊಂದ್ಸಲ ಸುಳ್ಳು ಹೇಳಲ್ಲ ಅಕ್ಕ. ಈ ಸಲ ಬಾಯ್ತುಂಬಾ ನಿಜ ಹೇಳೋಕಾಗಲಿಲ್ಲ ಅಂದ್ರೆ ನಾನೇ ಗುಡ್ಡ ಬಿಡ್ತೀನಿ. ಕಾಲಿಡಲ್ಲ."

ಗುಡ್ಡ ಬಿಟ್ಟ ಮೇಕೆ ಹೇಗಿರುತ್ತಾಳೆಂದು ನನಗೆ ಗೊತ್ತು. ಆ ಸಾವಿನ ನಂತರ ಎರಡು ತಿಂಗಳು ಬಿಟ್ಟಿದ್ದಳು. ಊಟ ಬಿಟ್ಟಳು, ಮಾತು ಬಿಟ್ಟಳು, ನನ್ನ ಬೈಗುಳಕ್ಕೆ ತಿರುಗಿ ಬೈಯುವುದನ್ನೂ ಬಿಟ್ಟಳು. ನನಗೆ ಸಂಕಟವಾಯಿತು. ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ. ಕೈಲಿದ್ದ ಕತ್ತರಿಯನ್ನು ಮೇಜಿಗೆ ಕುಕ್ಕಿದೆ.

"ಅಲ್ವೇ, ಬಾಲ ಅಂದ್ರೆ ಎಲ್ಲರಿಗಿಂತ ಹಿಂದೆ ಇರಬೇಕು ತಾನೆ? ಇಷ್ಟು ದಿನದಿಂದ ಅವಳ ಮುಂದೆ ಮುಂದೆ ನಡೀತಿದೀಯಲ್ಲ, ನೀನೆಂಥಾ ಬಾಲನೇ? ದಾರಿ ಬಿಡೇ!"

ಅಳು ನಿಂತಿತು. ನನ್ನನ್ನೇ ನೋಡಿದಳು. ನಾನು ಯಾರನ್ನು 'ಅವಳು' ಎಂದೆನೆಂದು ಆಮೇಲೆ ನನಗೇ ಹೊಳೆಯಿತು.

ಮುಂದಿನ ಓಟಕ್ಕೆ ಮೇಷ್ಟ್ರು ಪಟ್ಟಿ ಬರೆಯುವ ಕೆಲಸ ನನಗೆ ಕೊಟ್ಟರು. ಬಂದವರ ನಂಬರಿನ ಮುಂದೆ ಸಮಯ ಬರೆಯುವುದು, ಅಷ್ಟೇ. ಐವತ್ತೆರಡು ಜನ ಹೋಗಿದ್ದರು, ಐವತ್ತೆರಡೂ ಬಂದರು. ಬಿಸಿಲಿತ್ತು. ಬಾಳೆಹಣ್ಣು ತಿನ್ನುತ್ತಾ, ಶೂ ಬಿಚ್ಚಿ ಕಾಲು ಒತ್ತಿಕೊಳ್ಳುತ್ತಾ ಎಲ್ಲರೂ ಶೆಡ್ಡಿನ ನೆರಳಲ್ಲಿ ಕೂತಿದ್ದರು. ಮಗು ನನ್ನ ತೊಡೆಯ ಮೇಲೆ ಅಳತೆ ಟೇಪು ಕಚ್ಚುತ್ತಿತ್ತು.

ಕೊನೆಯ ತಿರುವಿನಲ್ಲಿ ನನ್ನ ತಂಗಿ ಕಾಣಿಸಿದಳು. ನಿಂತಳು. ಅಯ್ಯೋ, ಮತ್ತೆ ಶುರುವಾಯಿತಲ್ಲ ಎಂದುಕೊಂಡೆ. ಅವಳು ಈ ಸಲ ಹಿಂದಕ್ಕೆ ನೋಡುತ್ತಾ ನಿಲ್ಲಲಿಲ್ಲ. ಇಕ್ಕಟ್ಟು ದಾರಿಯಲ್ಲಿ ಹಿಂದಿನವರಿಗೆ ಜಾಗ ಕೊಡುವಾಗ ಇವರೆಲ್ಲ ಮಾಡುತ್ತಾರಲ್ಲ, ಹಾಗೆ ಗುಡ್ಡದ ಬದಿಗೆ ಬೆನ್ನು ಒತ್ತಿ, ಕೈ ಮುಂದೆ ಚಾಚಿ, ಏನೋ ಹೇಳಿದಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ನಡೆಯತೊಡಗಿದಳು. ನಾಲ್ಕು ಹೆಜ್ಜೆ, ಒಂದು ನಿಲುಗಡೆ. ಮತ್ತೆ ನಾಲ್ಕು ಹೆಜ್ಜೆ. ಸುಸ್ತಾದ ಯಾರನ್ನೋ ಮುಂದೆ ಬಿಟ್ಟುಕೊಂಡು, ಅವಸರ ಮಾಡದೆ ಬರುತ್ತಿದ್ದಳು.

ಮಗು ಟೇಪು ಕಚ್ಚುವುದನ್ನು ನಿಲ್ಲಿಸಿತು. ಅದು ತಾಯಿಯನ್ನು ನೋಡುತ್ತಿರಲಿಲ್ಲ. ತಾಯಿಗಿಂತ ಹತ್ತು ಹೆಜ್ಜೆ ಈಚೆ ನೋಡುತ್ತಿತ್ತು. ಆ ನೋಟ ದಾರಿಯಿಂದ ಶೆಡ್ಡಿನ ಅಂಗಳಕ್ಕೆ ಬಂತು, ಅಂಗಳದಿಂದ ಮೇಜಿನ ಹತ್ತಿರ ಬಂತು. ಮೇಜಿನ ಎದುರು ನಿಂತವರ ಮುಖ ನೋಡುವ ಹಾಗೆ ಮಗು ಕತ್ತೆತ್ತಿತು. ಹರಟೆ ಹೊಡೆಯುತ್ತಿದ್ದವರೆಲ್ಲ ಯಾಕೋ ಸುಮ್ಮನಾದರು. ನನಗೆ ಏನೂ ಕಾಣಲಿಲ್ಲ, ದೇವರಾಣೆ ಏನೂ ಕಾಣಲಿಲ್ಲ. ಬಾಯಲ್ಲಿ ಎಳೆದುಕೊಳ್ಳುವ ಉಸಿರು ಮಾತ್ರ ಕೇಳಿಸಿತು. ಓಡಿ ಬಂದವರ ಉಸಿರಲ್ಲ ಅದು. ತುಂಬ ದೂರ ನಡೆದವರ ಉಸಿರು. ಎರಡು ಸಲ ಕೇಳಿಸಿ ನಿಂತಿತು. ಮಗು ನಕ್ಕಿತು.

ಗಡಿಯಾರ ನೋಡಿದೆ. ಪಟ್ಟಿಯ ಕೊನೆಯಲ್ಲಿ ಹೊಸ ಸಾಲು ಎಳೆದು, ನಂಬರಿನ ಜಾಗ ಖಾಲಿ ಬಿಟ್ಟು, ಹತ್ತು ಗಂಟೆ ಐವತ್ತು ನಿಮಿಷ ಎಂದು ಬರೆದೆ. ಅಷ್ಟರಲ್ಲಿ ತಂಗಿ ಬಂದು ಮೇಜಿನ ಅಂಚು ಹಿಡಿದುಕೊಂಡಳು. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು. ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

"ಹಿಂದೆ ಯಾರೂ ಇಲ್ಲ ಮೇಷ್ಟ್ರೇ," ಎಂದಳು.

ಮೇಷ್ಟ್ರು ಸೀಟಿಗೆ ಕೈ ಹಾಕಿದವರು ನಾನು ಬರೆದದ್ದನ್ನು ನೋಡಿ ನಿಂತರು. ಓದಿದರು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಅದರ ಕೆಳಗೆ ಇನ್ನೊಂದು ಸಾಲು ಎಳೆದು, ನನಗಷ್ಟೇ ಕೇಳಿಸುವ ಹಾಗೆ "ಐದು ತಿಂಗಳು" ಎಂದು, ಅದೇ ಸಮಯವನ್ನು ಮತ್ತೊಮ್ಮೆ ಬರೆದರು.