ರಾಶಿಯೋ ಗೊರಬಲೋ

ಗುಲ್ಜಾರ್‌ಬೀ ಮೂವತ್ತು ವರ್ಷಗಳಿಂದ ಸಂತೇಬೆನ್ನೂರಿನ ಮಂಡಿಯಲ್ಲಿ ಕೂತು ಅಡಿಕೆ ಆರಿಸುತ್ತಿದ್ದಾಳೆ. ರಾಶಿ ಎನ್ನುವ ಒಳ್ಳೆಯ ದರ್ಜೆಯ ಅಡಿಕೆ ಒಂದು ಕಡೆಗೆ, ಕೀಳು ದರ್ಜೆಯ ಗೊರಬಲು ಇನ್ನೊಂದು ಕಡೆಗೆ. ಮಾತು ಒರಟು, ಕಣ್ಣು ಚುರುಕು. ಮಗಳು ಸಮ್ರೀನ್ ಜೆರಾಕ್ಸ್ ಅಂಗಡಿ ಇಡಲು ಕಂಪ್ಯೂಟರ್ ಕೊಳ್ಳಬೇಕೆಂದಾಗ, "ನಾನೂ ಬರ್ತೀನಿ ನಡಿ" ಎಂದು ಚನ್ನಗಿರಿಯ ಬಸ್ಸು ಹತ್ತಿದಳು.

ಅಲ್ಲಿನ ಕಂಪ್ಯೂಟರ್ ಅಂಗಡಿಯ ಮುರುಗೇಶಪ್ಪ ಹೊಳೆಯುವ ಲ್ಯಾಪ್‌ಟಾಪೊಂದನ್ನು ಮುಂದಿಟ್ಟ. "ದೊಡ್ಡ ಕಂಪನಿದು ಅಮ್ಮಾ. ಹೆಸರೇ ಸಾಕು, ಕಣ್ಮುಚ್ಚಿ ತಗೊಳ್ರಿ."

"ಕಣ್ಮುಚ್ಚಿದ್ರೆ ನನಗೆ ಕೂಲಿ ಯಾರು ಕೊಡ್ತಾರೆ?" ಎಂದಳು ಗುಲ್ಜಾರ್‌ಬೀ. "ಒಂದೇ ತೋಟದಾಗೆ ರಾಶಿನೂ ಬರ್ತೈತೆ, ಗೊರಬಲೂ ಬರ್ತೈತೆ. ತೋಟದ ಹೆಸರು ಹೇಳ್ಬೇಡ್ರಿ. ಇದು ಎರಡ್ರಾಗೆ ಯಾವುದು, ಅದನ್ನ ಹೇಳ್ರಿ."

ಸಮ್ರೀನ್ ನಾಚಿಕೊಂಡು ಅಮ್ಮಿಯ ಸೆರಗು ಎಳೆದಳು. ಮುರುಗೇಶಪ್ಪ ನಕ್ಕು, ಎಲ್ಲವೂ ಒಂದೇ ಎಂದ. ಗುಲ್ಜಾರ್‌ಬೀ ವಾದಕ್ಕಿಳಿಯಲಿಲ್ಲ. ಅವನ ಗಲ್ಲಾದ ಪಕ್ಕ ಕಪ್ಪಗೆ, ದಪ್ಪಗೆ, ಧೂಳು ಹಿಡಿದು ಕೂತಿದ್ದ, ಅವನೇ ದಿನಾ ಬಿಲ್ ಹಾಕುವ ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದಳು.

"ಅದು ಯಾವ ಕಂಪನಿದು?"

"ಅದೂ ಇದೇ ಕಂಪನಿದೇ. ಆಫೀಸಿನವರಿಗೆ ಅಂತ ಮಾಡಿದ್ದು. ನೋಡಾಕೆ ಚೆಂದ ಇಲ್ಲ."

"ಎಷ್ಟು ವರ್ಷ ಆತು?"

"ಎಂಟು." ಅದರ ಧೂಳು ಒರೆಸುತ್ತಾ, "ಒಂದಿನನೂ ಕೆಟ್ಟಿಲ್ಲ" ಎಂದ.

ಗುಲ್ಜಾರ್‌ಬೀ ಮುಂದಿದ್ದ ಹೊಳೆಯುವುದನ್ನು ಎರಡೇ ಬೆರಳಿನಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿದಳು, ಮಂಡಿಯಲ್ಲಿ ಗೊರಬಲು ಸರಿಸುವ ಹಾಗೆಯೇ.

"ನಿಮಗೆ ಅಂತ ಇಟ್ಕೊಂಡಿದ್ದೀರಲ್ಲ, ಆ ರಾಶಿನಾಗೆ ಒಂದು ಕೊಡ್ರಿ."